ಕತ್ತದ ಹಗ್ಗದಿಂದ ಹೊಲಿದ ಹಡಗು

ಅಜಂತೆಯ ಗುಹಾಭಿತ್ತಿಯಲ್ಲಿ ಐದನೆಯ ಶತಮಾನದ ಚಿತ್ರಕಾರನು ಬರೆದ ನೌಕೆಯನ್ನು ಮಾದರಿಯಾಗಿಟ್ಟುಕೊಂಡು, ಕೇರಳದ ನೌಕಾಶಿಲ್ಪಿ ಬಾಬು ಶಂಕರನ್ ಅವರೂ ಅವರ ಸಂಗಡಿಗರೂ ಗೋವೆಯಲ್ಲಿ ಹಲಗೆಗೆ ಹಲಗೆಯನ್ನು ಕತ್ತದ ಹಗ್ಗದಿಂದ ಹೊಲಿದು ನಿರ್ಮಿಸಿದ, 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಯನ್ನು ಸೇರಿದ ‘ಕೌಂಡಿನ್ಯ’ ಎಂಬ ಹಡಗು, ಪೋರಬಂದರಿನಿಂದ ಹಾಯಿಯ ಬಲದಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ತನ್ನು ಮುಟ್ಟಿದ ವೃತ್ತಾಂತವು ತೆಂಗಿನ ಸೀಮೆಯವರಾದ ನಮಗೆ ಪರಕೀಯವಾದುದಲ್ಲ. ಅಂಚಿನಲ್ಲಿ ರಂಧ್ರಗಳನ್ನು ಕೊರೆದು, ಸಂದಿಗೆ ನಾರನ್ನೊತ್ತಿ, ಹುರಿಯನ್ನು ಬಿಗಿದೆಳೆದು, ರಾಳವನ್ನು ಲೇಪಿಸಿದ ಆ ಒಡಲಿನ ಹೊಲಿಗೆಯಲ್ಲಿ ತುಕ್ಕು ಹಿಡಿಯತಕ್ಕ ಮೊಳೆಯಿಲ್ಲ. ಅಲೆಯ ಆಘಾತಕ್ಕೆ ಅದು ಸೀಳದೆ ತುಸು ಬಾಗುತ್ತದೆ. ಹಾಯಿಯ ಮೇಲಿರುವ ಗಂಡಭೇರುಂಡವಂತೂ ನಮ್ಮ ರಾಜ್ಯಲಾಂಛನದ ಪಕ್ಷಿಯೇ!

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸುಲಿದು, ಉಂಡೆ ಕೊಬ್ಬರಿಯ ಧಾರಣೆಯೊಂದನ್ನೇ ಚಿಂತಿಸುವ ನಾವು, ಕತ್ತಕ್ಕೆ ಮೂಲವಾದ ಸಿಪ್ಪೆಯನ್ನು ಬಹುಮಟ್ಟಿಗೆ ಒಲೆಯ ಪಾಲು ಮಾಡಿದ್ದೇವೆ. ಒಣಸಿಪ್ಪೆಯ ನಾರು ಕೇರಳದ ಹಿನ್ನೀರಿನಲ್ಲಿ ನೆನೆದ ನಾರಿನಷ್ಟು ಮೃದುವಲ್ಲವೆಂಬುದು ದಿಟ. ಆದರೆ ಅದನ್ನು ಹದಗೊಳಿಸಿ ಹೊಸೆಯುವ ಕೌಶಲವು ಕಲಿತರೆ ಬರತಕ್ಕದ್ದು. ಹಡಗು ಹೊಲಿಯಬಲ್ಲ ಕೈಗಳು ದೇಶದಲ್ಲಿ ಬೆರಳೆಣಿಕೆಯಷ್ಟಿರುವ ಈ ಹೊತ್ತಿನಲ್ಲಿ, ಸರ್ಕಾರವು ಆ ಕುಶಲಿಗಳನ್ನು ತಿಪಟೂರಿಗೆ ಕರೆಸಿ, ನಮ್ಮ ತರುಣರಿಗೆ ವೇತನಸಹಿತವಾದ ಶಿಕ್ಷಣವನ್ನು ಈ ವರ್ಷವೇ ಆರಂಭಿಸತಕ್ಕದ್ದು.