ಹೊಲಸು ಮಾಡಿದವರು ಒಬ್ಬರು, ತೊಳೆಯುವವರು ಇನ್ನೊಬ್ಬರೇ?

ಬಾವಿಗೆ ಔಷಧ ಹಾಕುವುದನ್ನು ನಮ್ಮಲ್ಲಿ ವಯಸ್ಸಾದವರು ಕಂಡಿದ್ದಾರೆ. ಕಾಲರಾ ಬಂತೆಂದರೆ ಆರೋಗ್ಯ ಇಲಾಖೆಯವರು ಬಂದು ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳನ್ನು ಸುರಿದು ಹೋಗುತ್ತಿದ್ದರು. ನೀರು ನೇರಳೆಯಾಗಿ, ಆಮೇಲೆ ತಿಳಿಯಾಗುತ್ತಿತ್ತು. 1890ರ ದಶಕದಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿ ಈ ಪದ್ಧತಿಯನ್ನು ಪ್ರಚಾರಕ್ಕೆ ತಂದನು. ಮಿಲ್ಲಿನ ಬ್ಲೀಚಿಂಗ್ ಖಾತೆಯಲ್ಲಿ ದುಡಿದ ಬಂಧುಗಳಿಗೆ ಈ ಮದ್ದಿನ ಅಣ್ಣತಮ್ಮಂದಿರ ಪರಿಚಯವೂ ಉಂಟು: ಬ್ಲೀಚಿಂಗ್ ಪುಡಿ, ಹೈಡ್ರೋಜನ್ ಪೆರಾಕ್ಸೈಡ್. ಕೋರಾ ಬಟ್ಟೆ ಮಲ್ಲಿಗೆಯಂತೆ ಬೆಳ್ಳಗಾಗುವುದು ಇವುಗಳಿಂದಲೇ. ಇವೆಲ್ಲ ಉತ್ಕರ್ಷಕಗಳು. ಬೆಂಕಿಯಿಲ್ಲದೆ ಸುಡುವ ಮದ್ದುಗಳೆಂದರೆ ತಪ್ಪಾಗದು.

ಇದೇ ಮದ್ದುಗಳನ್ನು ಈಗ ವಿಷವೇರಿದ ನೆಲಕ್ಕೂ ಅಂತರ್ಜಲಕ್ಕೂ ಕೊಡುತ್ತಾರೆ. ಮಣ್ಣನ್ನು ಅಗೆದು ಇನ್ನೊಂದು ಊರಿನ ಅಂಚಿಗೆ ಸುರಿಯುವ ಬದಲು, ಕೊಳವೆ ಇಳಿಸಿ ವಿಷವಿರುವ ಆಳಕ್ಕೇ ದ್ರಾವಣವನ್ನು ಒತ್ತುವುದು ಇದರ ಕ್ರಮ. ಯಂತ್ರಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್ ನೆಲಕ್ಕಿಳಿದಿದ್ದರೆ ಪರ್ಮಾಂಗನೇಟ್ ಅದನ್ನು ಒಡೆದು ಕ್ಲೋರೈಡು, ಇಂಗಾಲಾಮ್ಲಗಳನ್ನಾಗಿ ಮಾಡುತ್ತದೆ. ಪೆರಾಕ್ಸೈಡಿಗೆ ಕಬ್ಬಿಣದ ಲವಣ ಬೆರೆತರೆ ಇನ್ನೂ ಉಗ್ರ. ಫೆಂಟನ್ ಎಂಬ ಆಂಗ್ಲ ರಸಾಯನಜ್ಞ ಇದನ್ನು ಪ್ರಕಟಿಸಿದ್ದು 1894ರಲ್ಲಿ. ವಿದ್ಯೆ ಹಳೆಯದು, ಮದ್ದೂ ಅಪರೂಪದ್ದಲ್ಲ. ಹಾಗಿದ್ದ ಮೇಲೆ ಕೆಟ್ಟ ಬಾವಿಗಳು ಕೆಟ್ಟೇ ಉಳಿಯುವುದೇಕೆ?

ಇದಕ್ಕೆ ಉತ್ತರ ಬೇಕಾದವರು ರಾಜಸ್ಥಾನದ ಉದಯಪುರದ ಬಳಿಯ ಬಿಛ್‌ಡಿ ಗ್ರಾಮದ ಕಥೆಯನ್ನು ಕೇಳಬೇಕು. ನಮ್ಮ ಓದುಗರಿಗೆ ಅದು ದೂರದ ಊರಾದರೂ ಅಲ್ಲಿ ತಯಾರಾದ ಸರಕು ದೂರದ್ದಲ್ಲ. ಬಟ್ಟೆಗೆ ಹಾಕುವ ಎಷ್ಟೋ ಬಣ್ಣಗಳ ಮೂಲದ್ರವ್ಯವಾದ ಎಚ್ ಆಸಿಡ್ ಎಂಬುದನ್ನು ಅಲ್ಲಿ 1987ರ ಸುಮಾರಿಗೆ ತಯಾರಿಸತೊಡಗಿದರು. ಅದೂ ಪರದೇಶಕ್ಕೆ ಕಳಿಸಲೆಂದೇ. ಪಾಶ್ಚಾತ್ಯ ರಾಷ್ಟ್ರಗಳು ತಮ್ಮ ನೆಲದಲ್ಲಿ ಇದರ ತಯಾರಿಕೆಯನ್ನು ನಿಲ್ಲಿಸಿ, ಬೇಕಾದ ಸರಕನ್ನು ನಮ್ಮಂಥವರಿಂದ ತರಿಸಿಕೊಳ್ಳುತ್ತಿದ್ದ ಸಂಗತಿಯನ್ನು ನಮ್ಮ ಸುಪ್ರೀಂ ಕೋರ್ಟೇ ತೀರ್ಪಿನಲ್ಲಿ ಎತ್ತಿ ಹೇಳಿದೆ. ಬಟ್ಟೆಯ ಚೆಂದ ಅವರಿಗೆ, ಚರಟ ನಮಗೆ! ಸುಮಾರು 375 ಟನ್ ಸರಕಿಗೆ ಹುಟ್ಟಿದ ವಿಷಗಸಿ ಸುಮಾರು 2,400 ಟನ್. ಅದನ್ನು ಬಯಲಲ್ಲಿ ಸುರಿದರು. ಮಳೆ ಬಂತು, ಗಸಿ ಇಳಿಯಿತು. ಸುಮಾರು 60 ಬಾವಿಗಳು ಕೆಟ್ಟು, ನೀರು ಕಪ್ಪಿಟ್ಟಿತು. ಜನರು ಕುಡಿಯುವಂತಿಲ್ಲ, ದನಗಳಿಗೂ ಕೊಡುವಂತಿಲ್ಲ.

1989ರಲ್ಲಿ ದಾವೆ ಹೂಡಲಾಯಿತು. 1996ರ ಫೆಬ್ರವರಿಯಲ್ಲಿ ತೀರ್ಪು ಬಂತು: ಹೊಲಸು ಮಾಡಿದವನೇ ತೊಳೆಯುವ ಖರ್ಚನ್ನು ಕೊಡತಕ್ಕದ್ದು. ಆ ಖರ್ಚು 37 ಕೋಟಿ 38 ಲಕ್ಷ ರೂಪಾಯಿಗೆ ಮೀರಿತ್ತು. ಧಣಿಗಳು ಕೊಟ್ಟರೇ? ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಕಾಲ ತಳ್ಳಿದರು. ಕೊನೆಗೆ 2011ರ ಜುಲೈನಲ್ಲಿ ಅದೇ ನ್ಯಾಯಾಲಯವು ಶೇಕಡ 12ರ ಚಕ್ರಬಡ್ಡಿಯನ್ನೂ ಸೇರಿಸಿ ಕೊಡಿರೆಂದು ಆಜ್ಞೆ ಮಾಡಬೇಕಾಯಿತು. ಅಂಗಡಿಯ ಬಾಡಿಗೆ ಎರಡು ತಿಂಗಳು ನಿಂತರೆ ಬೀಗ ಬೀಳುವುದನ್ನು ಬಲ್ಲ ನಮ್ಮ ಚಿಲ್ಲರೆ ವ್ಯಾಪಾರಿಗಳು ಈ ಹದಿನೈದು ವರ್ಷಗಳ ಉದ್ದರಿಯನ್ನು ತಾವೇ ತೂಗಿ ನೋಡಲಿ.

ಆ ಹದಿನೈದು ವರ್ಷ ವಿಷವೇನೂ ನ್ಯಾಯಾಲಯದ ಮೆಟ್ಟಿಲ ಮೇಲೆ ಕಾಯುತ್ತ ಕೂತಿರುವುದಿಲ್ಲ. ನೀರಿನೊಡನೆ ಅದು ಹರಡುತ್ತದೆ, ಜೇಡಿಮಣ್ಣಿನ ಸಂದುಗಳಲ್ಲಿ ಇಂಗುತ್ತದೆ. ಮೊದಲ ವರ್ಷ ಹತ್ತು ಕೊಳವೆಯಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಆಮೇಲೆ ನೂರೂ ಸಾಲದೆ ಹೋಗಬಹುದು. ಉತ್ಕರ್ಷಕಕ್ಕೆ ಕಣ್ಣಿಲ್ಲ, ವಿಷವನ್ನು ಸುಡುವ ಮೊದಲೇ ಮಣ್ಣಿನ ಕೊಳೆತ ಎಲೆ, ಬೇರು, ಗೊಬ್ಬರವನ್ನೆಲ್ಲ ಸುಟ್ಟು ತಾನೂ ಖರ್ಚಾಗುತ್ತದೆ. ಫೆಂಟನ್ ಮದ್ದಿಗೆ ಹುಳಿಯಾದ ನೀರು ಬೇಕು. ಸುಣ್ಣದ ಅಂಶವಿರುವ ನಮ್ಮ ಎರೆನೆಲದಂಥಲ್ಲಿ ಹಾಕಿದ ಆಮ್ಲವನ್ನೆಲ್ಲ ಸುಣ್ಣವೇ ನುಂಗುತ್ತದೆ. ಇಂಥದೇ ಮಣ್ಣಿಗೆ ಇಷ್ಟೇ ಮದ್ದು ಎಂದು ಮೊದಲು ಪರೀಕ್ಷಿಸದೆ ಸುರಿಯುವ ಗುತ್ತಿಗೆದಾರನು ಹಣವನ್ನೇ ನೆಲಕ್ಕೆ ಸುರಿದಂತೆ. ತೊಗಲು ಹದ ಮಾಡುವ ಕಡೆಯಂತೂ ಅಪಾಯವೇ ಹೆಚ್ಚು. ಅಲ್ಲಿಯ ಮಣ್ಣಿನಲ್ಲಿ ಕದಲದೆ ಕೂತ ಕ್ರೋಮಿಯಂ ಉತ್ಕರ್ಷಕ ತಗುಲಿ ಬೇರೆ ರೂಪಕ್ಕೆ ತಿರುಗಿ, ಮೊದಲಿಗಿಂತ ಘೋರ ವಿಷವಾಗಿ ನೀರಿಗೆ ಬೀಳಬಲ್ಲದು.

ಇನ್ನು ಬಣ್ಣದ ವಿಷಯ. ಬಣ್ಣದ ನೀರಿಗೆ ಉತ್ಕರ್ಷಕ ಹಾಕಿದರೆ ಮೊದಲು ಹೋಗುವುದು ಬಣ್ಣ. ಕಣ್ಣಿಗೆ ಕಾಣುವುದು ಅಷ್ಟೇ. ಅಣುವು ಅರ್ಧ ಮುರಿದು ನಿಂತಿರಬಹುದು. ಬಣ್ಣಕ್ಕೆ ಕೂಡಿಸಿದ ಉಪ್ಪಂತೂ ಒಂದು ಕಾಳೂ ಕಡಿಮೆಯಾಗುವುದಿಲ್ಲ, ಏಕೆಂದರೆ ಉಪ್ಪು ಸುಡುವ ವಸ್ತುವೇ ಅಲ್ಲ. ತಿರುಪ್ಪೂರಿನ ನೊಯ್ಯಲ್ ನದಿಯನ್ನೂ ಅದರ ದಂಡೆಯ ಹೊಲಗಳನ್ನೂ ಕೆಡಿಸಿದ್ದರಲ್ಲಿ ಉಪ್ಪಿನ ಪಾಲು ದೊಡ್ಡದು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಅಲ್ಲಿಯ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ರೈತರ ಗೋಳು ನಿಜವಾದದ್ದು, ಆಜ್ಞೆಗೆ ಕಾರಣವಿತ್ತು. ಆದರೆ ಆ ದಿನ ಬುತ್ತಿ ಹಿಡಿದು ಬಾಗಿಲಿಂದ ಹಿಂದಿರುಗಿದವನು ಕೂಲಿಕಾರ. ಮಾಲೀಕನ ಲಾಭಕೋರತನಕ್ಕೆ ರೈತ ಒಮ್ಮೆ ತೆರುತ್ತಾನೆ, ಕಾರ್ಮಿಕ ಇನ್ನೊಮ್ಮೆ.

ಖರ್ಚನ್ನು ಮೊದಲೇ ವಸೂಲು ಮಾಡುವ ದಾರಿ ಇಲ್ಲದಿಲ್ಲ. ಬಂಡವಾಳಶಾಹಿಯ ತವರಾದ ಅಮೆರಿಕವೇ 1980ರಲ್ಲಿ ಕಾನೂನು ಮಾಡಿ, ಎಣ್ಣೆ ಮತ್ತು ರಸಾಯನ ಕಂಪನಿಗಳ ಮೇಲೆ ತೆರಿಗೆ ಹಾಕಿ, ನೆಲ ತೊಳೆಯುವ ನಿಧಿ ಕಟ್ಟಿತು. 1995ರಲ್ಲಿ ಆ ತೆರಿಗೆಯ ಗಡುವು ಮುಗಿದು, ಹೊರೆ ಜನರ ತೆರಿಗೆಯ ಕಡೆಗೆ ಜಾರಿತು. ರಸಾಯನಗಳ ಮೇಲಿನ ತೆರಿಗೆಯನ್ನು ಮತ್ತೆ ತಂದದ್ದು 2021ರ ಕಾನೂನು. ಕಂಪನಿಗಳು ಇದರಿಂದ ದಿವಾಳಿಯೆದ್ದದ್ದನ್ನು ನಾವು ಕೇಳಿಲ್ಲ.

ನಾವು ಕೇಳುವುದೂ ಇದನ್ನೇ. ವಿಷದ ಸರಕು ತಯಾರಿಸುವ ಪ್ರತಿ ಕಾರ್ಖಾನೆಯೂ ಪರವಾನಗಿ ಪಡೆಯುವ ದಿನವೇ ಠೇವಣಿ ಇಡಲಿ. ಬಾವಿ ಕೆಟ್ಟ ದಿನವೇ ಆ ಹಣದಿಂದ ಕೆಲಸ ಶುರುವಾಗಲಿ, ವ್ಯಾಜ್ಯ ಆಮೇಲೆ ನಡೆಯಲಿ. ಗಲ್ಲಿಯಲ್ಲಿ ನಾಲ್ಕು ಹಂಡೆ ಇಟ್ಟುಕೊಂಡು ನೂಲಿಗೆ ಬಣ್ಣ ಹಾಕುವ ಬಡವನನ್ನೂ ಟನ್ನುಗಟ್ಟಲೆ ಗಸಿ ಸುರಿಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ. ಸಣ್ಣವರಿಗೆ ಸಾಮೂಹಿಕ ಶುದ್ಧೀಕರಣ ಘಟಕವನ್ನು ಸರ್ಕಾರವೇ ಕಟ್ಟಿಕೊಡಲಿ. ಕೊಳವೆಗೆ ಮದ್ದು ಒತ್ತುವ ಕೂಲಿಕಾರನಿಗೆ ಕೈಗವಸು, ಕಣ್ಣಿನ ಕನ್ನಡಕ, ತೊಳೆದುಕೊಳ್ಳಲು ಧಾರಾಳ ನೀರು ಇರಲಿ; ಗಟ್ಟಿ ಪೆರಾಕ್ಸೈಡು ಚರ್ಮವನ್ನು ಏನು ಮಾಡುತ್ತದೆಂಬುದನ್ನು ಬ್ಲೀಚಿಂಗ್ ಖಾತೆಯವರಿಗೆ ಹೇಳಬೇಕಾಗಿಲ್ಲ. ನೀರು ತಿಳಿಯಾಯಿತೆಂದು ಫೋಟೋ ತೆಗೆಸಿಕೊಂಡು ಅಧಿಕಾರಿಗಳು ಹೊರಡಕೂಡದು. ಮದ್ದು ತೀರಿದ ಮೇಲೆ ಜೇಡಿಯ ಸಂದಿನಲ್ಲಿ ಉಳಿದ ವಿಷ ಮೆಲ್ಲಗೆ ಮತ್ತೆ ನೀರಿಗೆ ಬರುವುದುಂಟು. ಆದ್ದರಿಂದ ಒಂದೆರಡು ವರ್ಷವಾದರೂ ಅದೇ ಬಾವಿಗಳ ನೀರನ್ನು ತೆಗೆದು ಪರೀಕ್ಷಿಸುತ್ತಿರಬೇಕು, ಬಂದ ಲೆಕ್ಕವನ್ನು ಕನ್ನಡದಲ್ಲಿ ಬರೆಸಿ ಪಂಚಾಯಿತಿ ಕಚೇರಿಯ ಗೋಡೆಗೂ ಕಾರ್ಖಾನೆಯ ಬಾಗಿಲಿಗೂ ಅಂಟಿಸಬೇಕು.