ನೆಲವೇ ಡೊಂಕಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಬರೆಸಿದ್ದೇನೆ. ವಿಸ್ತರಿಸಿ ಬರೆದವರಿಗೆ ಅಂಕವನ್ನೂ ಕೊಟ್ಟಿದ್ದೇನೆ. ಈ ಮಳೆಗಾಲದಲ್ಲಿ ಮಾತ್ರ ನನಗೊಂದು ಅನುಮಾನ ಹುಟ್ಟಿತು. ಗಾದೆ ಕಟ್ಟಿದ ಮಹಾಶಯ ಒಂದು ಸಲವಾದರೂ ಬಗ್ಗಿ ನೆಲ ನೋಡಿದ್ದನೆ?

ಅನುಮಾನ ಹುಟ್ಟಿಸಿದ್ದು ನನ್ನ ಹಳೆಯ ಲ್ಯಾಪ್‌ಟಾಪ್. ಎಂಟನೇ ತರಗತಿಯ ಮೂವರು ಹುಡುಗಿಯರ ಎನ್‌ಎಂಎಂಎಸ್ ಪರೀಕ್ಷೆಯ ಅರ್ಜಿ ತುಂಬಬೇಕಿತ್ತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಡ ಮಕ್ಕಳಿಗಾಗಿ ಇರುವ ಪರೀಕ್ಷೆ ಇದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಅಡಿಕೆ ಸುಲಿಯಲು ಹೋಗುವ ತಾಯಿಗೆ ಆ ಹಣವೆಂದರೆ ಮಗಳನ್ನು ಓದು ಬಿಡಿಸದಿರಲು ಒಂದು ಧೈರ್ಯ. ಕೊನೆಯ ದಿನಾಂಕಕ್ಕೆ ನಾಲ್ಕೇ ದಿನ ಉಳಿದಿದ್ದಾಗ ನನ್ನ ಲ್ಯಾಪ್‌ಟಾಪಿನಿಂದ ವೈಫೈ ಗುರುತೇ ಮಾಯವಾಯಿತು.

‘ಮಳೆ ನೋಡು, ನೆಟ್‌ವರ್ಕ್ ಎಲ್ಲಿಂದ ಬರಬೇಕು?’ ಅಂದರು ನಮ್ಮ ಮನೆಯವರು, ಪೇಪರಿನಿಂದ ತಲೆಯೆತ್ತದೆ. ಬೆಂಗಳೂರಿನ ಮಗ ಫೋನಿನಲ್ಲಿ, ‘ಅಮ್ಮ, ನೀನೇ ಏನೋ ಒತ್ತಿರ್ತೀಯ’ ಅಂದ. ಪೇಟೆಯ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಭಿನ್ನರಾಶಿ ಹೇಳಿಕೊಟ್ಟವಳು ನಾನೇ. ಒಮ್ಮೆ ಆನ್ ಮಾಡಿ ನೋಡಿ, ‘ಬೋರ್ಡೇ ಹೋಗಿದೆ ಅಕ್ಕೋರೆ, ಹೊಸದು ತಗೊಂಡುಬಿಡಿ’ ಅಂದ. ‘ಬಿಚ್ಚಿ ನೋಡಿದೆಯೇನೋ?’ ಎಂದು ಕೇಳಿದೆ. ನಕ್ಕ. ‘ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ.’

ಮೂವರು ಗಂಡಸರು, ಮೂರು ತೀರ್ಪು. ಸಾಕ್ಷಿಯನ್ನು ನೋಡಿದವರು ಮಾತ್ರ ಒಬ್ಬರೂ ಇಲ್ಲ.

ನೆಟ್‌ವರ್ಕ್ ಇಲ್ಲದ ಕಷ್ಟ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಕೊಡೆ ಹಿಡಿದು ಗುಡ್ಡ ಹತ್ತಿದರು. 2021ರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳ ಜನ ‘ನೆಟ್‌ವರ್ಕ್ ಇಲ್ಲದಿದ್ದರೆ ಓಟೂ ಇಲ್ಲ’ ಎಂದು ಬೋರ್ಡು ಹಾಕಿದರು. ಅದು ನ್ಯಾಯದ ಸಿಟ್ಟು. ಆದರೆ ನ್ಯಾಯದ ಕಾರಣವೇ ಈಗ ಸೋಮಾರಿಯ ನೆಪವೂ ಆಗಿದೆ. ಏನು ಕೆಟ್ಟರೂ ‘ನೆಟ್‌ವರ್ಕ್’ ಅಂದರೆ ಮುಗಿಯಿತು, ಯಾರೂ ಎದ್ದು ನೋಡಬೇಕಾಗಿಲ್ಲ.

ನಾನು ಎದ್ದು ನೋಡಿದೆ. ನೋಡುವುದಕ್ಕೊಂದು ಕ್ರಮವಿದೆ, ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕುವ ಹಾಗೆ. ಅದೇ ಕೋಣೆಯಲ್ಲಿ ಮೊಬೈಲಿಗೆ ಅದೇ ವೈಫೈ ಸಿಗುತ್ತಿದೆಯೇ? ಸಿಗುತ್ತಿದೆ. ಅಂದರೆ ಮಳೆಯದು ತಪ್ಪಲ್ಲ. ವಿಮಾನದ ಚಿತ್ರದ ಬಟನ್ ಯಾರಾದರೂ ಒತ್ತಿದ್ದಾರೆಯೇ? ಇಲ್ಲ. ಅಂದರೆ ನನ್ನದೂ ತಪ್ಪಲ್ಲ. ಡಿವೈಸ್ ಮ್ಯಾನೇಜರ್ ಎಂಬಲ್ಲಿ ಯಂತ್ರದ ಒಳಗಿನ ಭಾಗಗಳ ಹಾಜರಿ ಪುಸ್ತಕವಿದೆ. ತೆರೆದೆ. ವೈರ್‌ಲೆಸ್ ಕಾರ್ಡಿನ ಹೆಸರಿನ ಮೇಲೆ ಹಳದಿ ಗುರುತಿದ್ದರೆ ಡ್ರೈವರ್ ಎಂಬ ತಂತ್ರಾಂಶವನ್ನು ಹೊಸದಾಗಿ ಹಾಕಬೇಕು. ನನ್ನದರಲ್ಲಿ ಹೆಸರೇ ಇರಲಿಲ್ಲ. ವಿದ್ಯಾರ್ಥಿ ತರಗತಿಗೇ ಬಂದಿಲ್ಲ. ಇನ್ನು ಪಾಠ ಮಾಡಿ ಏನು ಪ್ರಯೋಜನ?

ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದೆ. ಒಳಗೆ ಉಳಿದ ವಿದ್ಯುತ್ತೂ ಹೋಗಲೆಂದು ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ನನ್ನದು ಹೋಗಲಿಲ್ಲ. ಕೊನೆಗೆ ಸಣ್ಣ ಸ್ಕ್ರೂಡ್ರೈವರಿನಿಂದ ಹಿಂದಿನ ಮುಚ್ಚಳ ತೆಗೆದೆ. ಕಾರ್ಡು ಎಂದರೆ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಹಸಿರು ಚೂರು. ಅದಕ್ಕೆ ಎರಡು ತೆಳು ತಂತಿ, ಒಂದು ಕಪ್ಪು, ಒಂದು ಬಿಳಿ. ಪರದೆಯ ಪಕ್ಕದ ಆಂಟೆನಾದಿಂದ ಬಂದು ಟಿಚ್ ಬಟನ್ನಿನ ಹಾಗೆ ಕೂತಿವೆ. ಯಾವುದು ಎಲ್ಲಿತ್ತು ಎಂದು ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಒಂದೇ ಸ್ಕ್ರೂ ತೆಗೆದರೆ ಕಾರ್ಡು ಕೈಗೆ ಬಂತು. ಅದರ ಅಂಚಿನ ಹಿತ್ತಾಳೆ ಬಣ್ಣದ ಗೆರೆಗಳು ಮಬ್ಬಾಗಿದ್ದವು. ಮಲೆನಾಡಿನ ಥಂಡಿ ದೇವರ ಮನೆಯ ದೀಪವನ್ನೇ ಬಿಡುವುದಿಲ್ಲ, ಇದನ್ನು ಬಿಟ್ಟೀತೆ? ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಸರಿಯಾಗಿ ಕೂರಿಸಿದೆ. ಆನ್ ಮಾಡಿದರೆ ವೈಫೈ ಹಾಜರ್. ಅರ್ಜಿಗಳು ಕೊನೆಯ ದಿನಾಂಕಕ್ಕೆ ಮೊದಲೇ ಹೋದವು. ಖರ್ಚು: ಅರ್ಧ ರಬ್ಬರ್.

ಇದನ್ನು ನನ್ನ ಜಾಣತನ ತೋರಿಸಲು ಬರೆಯುತ್ತಿಲ್ಲ. ಕಾರ್ಡು ನಿಜಕ್ಕೂ ಸತ್ತಿದ್ದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಹೊಸ ಲ್ಯಾಪ್‌ಟಾಪಿನ ಮಾತು ಆಗಲೂ ಸುಳ್ಳೇ. ನನ್ನ ತಕರಾರು ಇರುವುದು ‘ನಿಮಗೆ ಗೊತ್ತಾಗಲ್ಲ’ ಎಂಬ ಆ ಒಂದು ಮಾತಿನ ಮೇಲೆ. ಮಿಕ್ಸಿ ಕೆಟ್ಟಾಗ ಕೇಳಿದ್ದೇವೆ, ಸ್ಕೂಟರ್ ನಿಂತಾಗ ಕೇಳಿದ್ದೇವೆ, ಬ್ಯಾಂಕಿನ ಫಾರಂ ಎದುರು ಕೇಳಿದ್ದೇವೆ. ಅದು ನಮ್ಮ ಬಗ್ಗೆ ಕಂಡುಕೊಂಡ ಸತ್ಯವಲ್ಲ. ದೂರ ನಿಲ್ಲು ಎಂಬ ಅಪ್ಪಣೆ. ಕೇಳಿ ಕೇಳಿ ನಾವೇ ಅದನ್ನು ಹೇಳಿಕೊಳ್ಳಲು ಕಲಿತೆವು. ‘ನಂಗೆ ಇದೆಲ್ಲ ಗೊತ್ತಾಗಲ್ಲಪ್ಪ’ ಎಂದು ನಗುತ್ತೇವೆ, ಮತ್ತು ಆ ನಗುವಿಗೆ ದುಡ್ಡು ತೆರುತ್ತೇವೆ.

ಎಲ್ಲವನ್ನೂ ನಾವೇ ಬಿಚ್ಚಬೇಕೆ, ಶಾಕ್ ಹೊಡೆದರೆ ಗತಿಯೇನು ಎಂದು ನೀವು ಕೇಳಬಹುದು. ಖಂಡಿತ ಬೇಡ. ಗೋಡೆಯ ಕರೆಂಟಿಗೆ ಕೈ ಹಾಕಬೇಡಿ, ವಾರಂಟಿ ಇರುವುದನ್ನು ಬಿಚ್ಚಬೇಡಿ. ಆದರೆ ನೋಡಿ, ಕೇಳಿ. ಯಾವ ಭಾಗ ಕೆಟ್ಟಿದೆ, ಹೇಗೆ ಗೊತ್ತಾಯಿತು, ತೋರಿಸು ಅನ್ನಿ. ಇಷ್ಟು ಕೇಳಲು ಇಂಜಿನಿಯರಿಂಗ್ ಓದಬೇಕಿಲ್ಲ.

ನಮ್ಮೂರಿಗೆ ಬಂದವರು ಪಂಚಕೂಟ ಬಸದಿಯನ್ನು ನೋಡಿರುತ್ತೀರಿ. 1077ರಲ್ಲಿ ಅದನ್ನು ಕಟ್ಟಿಸಿದವಳು ಸಾಂತರರ ಮನೆಯ ಚಟ್ಟಲದೇವಿ. ಕಲ್ಲಿನ ಕೆಲಸ ನಿಮಗೆ ಗೊತ್ತಾಗಲ್ಲ ಬಿಡಿ ಎಂದು ಅವಳಿಗೂ ಯಾರಾದರೂ ಹೇಳಿದ್ದರೋ ಏನೋ. ಬಸದಿಯಂತೂ ನಿಂತಿದೆ.

ಅರ್ಜಿ ಹಾಕಿದ ಮೂವರಲ್ಲಿ ಒಬ್ಬಳು ಮರುದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಅಕ್ಕೋರೆ, ಒಳಗೆ ಹೇಗಿರುತ್ತೆ, ನಾನೂ ಒಂದ್ಸಲ ನೋಡಬಹುದಾ?’ ಅಂದಳು. ಶನಿವಾರ ಶಾಲೆ ಬಿಟ್ಟ ಮೇಲೆ ಸ್ಕ್ರೂಡ್ರೈವರ್ ಅವಳ ಕೈಗೇ ಕೊಟ್ಟೆ.