ಕಲ್ ಅಂದ್ರ ಕಲ್ಲೋ, ನಾಳೆಯೋ?

ಸೇಡಂ ರಸ್ತೆಯಲ್ಲಿ ಮನೆ ಕಟ್ಟಿಸುವಾಗ ಶಹಾಬಾದಿ ಕಲ್ಲಿಗೆ ಹೇಳಿದ್ವಿ. ಅಂಗಡಿಯವ ಫೋನ್ ಮಾಡಿ "ಕಲ್ ಆಯೇಗಾ" ಅಂದ. ಫೋನೆತ್ತಿದ್ದು ಮೈಸೂರಿನ ನಮ್ಮ ಮಾವನೋರು. ಕಲ್ಲು ಬರುತ್ತಂತೆ ಅಂತ ದಿನವಿಡೀ ಗೇಟಿನಲ್ಲಿ ಕಾದ್ರು! ಅವ ಹೇಳಿದ್ದು ನಾಳೆ.

ಹಿಂದಿ-ಉರ್ದುವಿನ 'ಕಲ್' ಸಂಸ್ಕೃತದ 'ಕಲ್ಯ'ದಿಂದ, ಅಂದ್ರ ಬೆಳಗಿನಿಂದ ಬಂದದ್ದು. ನಮ್ಮ ಕಲ್ಲು ದ್ರಾವಿಡ, ತಮಿಳಿನಲ್ಲೂ 'ಕಲ್'. ದನಿ ಒಂದೇ, ಬಳಗ ಬೇರೆ.

ಊರ ಹೆಸರಿನ ಜಗಳವೂ ಇಂಥದ್ದೇ. ಪಾರಸಿಯಲ್ಲಿ 'ಗುಲ್' ಹೂ, 'ಬರ್ಗ್' ಎಲೆ, ಅದಕ್ಕೇ ಗುಲ್ಬರ್ಗ ಅಂತಾರ ಕೆಲವರು. ಕಲ್ಲಿನ ಊರು, ಅದಕ್ಕೇ ಕಲಬುರಗಿ ಅಂತಾರ ಇನ್ನು ಕೆಲವರು. 2014ರ ನವೆಂಬರ್ 1ರಿಂದ ಕಲಬುರಗಿ ಅಂತಲೇ ಆತು, ನನಗೂ ಖುಷಿ. ಆದ್ರ ಕಿವಿಗೆ ಹೊಂದಿದ್ದೇ ಮೂಲ ಅಂದ್ರ ನಾವೂ ಮಾವನೋರಂಗ ಗೇಟಿನಲ್ಲಿ ಕಾಯಬೇಕಾಗ್ತದ. ಹಳೇ ಶಾಸನ ನೋಡಿ ಮಾತಾಡೋಣ. ಏನಂತೀರಿ?